‘ಅನುಮತಿ ಇಲ್ಲ’ ಎಂದಾಗ ಏನು ಮಾಡಬೇಕು: ಒಂದು ಹೋಸ್ಟ್ಸ್ ಫೈಲಿನ ಸುತ್ತ

ಕೆಲವು ತಿಂಗಳ ಹಿಂದೆ, ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸ್ನೇಹಿತರೊಬ್ಬರು ಫೋನ್ ಮಾಡಿ, “ಸರ್, ಈ ಸಿಸ್ಟಮ್ಮಿಗೆ ನಾನೇ ಅಡ್ಮಿನ್. ಆದ್ರೂ ಫೈಲ್ ಸೇವ್ ಮಾಡೋಕೆ ಹೋದ್ರೆ ಪರ್ಮಿಷನ್ ಇಲ್ಲ, ಅಡ್ಮಿನಿಸ್ಟ್ರೇಟರ್ ಹತ್ರ ಕೇಳಿ ಅಂತ ಬರ್ತಿದೆ. ನಾನು ಇನ್ಯಾರನ್ನ ಕೇಳ್ಲಿ?” ಎಂದರು. ಅವರ ದನಿಯಲ್ಲಿ ಬೇಸರವಿತ್ತು. ಆದರೆ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದಾಗಿತ್ತು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಪ್ರಶ್ನೆಯ ಬೆನ್ನು ಹಿಡಿದು ಹೊರಟದ್ದು. ಅವರು ತಿದ್ದಲು ಹೊರಟಿದ್ದ ಹೋಸ್ಟ್ಸ್ ಫೈಲು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇರುವುದರಿಂದ, ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದುವರಿಯುತ್ತೇನೆ.

ಹೋಸ್ಟ್ಸ್ ಫೈಲನ್ನು ನಿಮ್ಮಲ್ಲಿ ಹಲವರು ತೆರೆದು ನೋಡಿರುತ್ತೀರಿ. ಸಾಲಿನ ಎಡಕ್ಕೆ ಒಂದು ಐಪಿ ವಿಳಾಸ (ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ), ಬಲಕ್ಕೆ ಒಂದು ಹೆಸರು, ಅಷ್ಟೇ. ಆ ಹೆಸರಿನ ಕಂಪ್ಯೂಟರ್ ಎಲ್ಲಿದೆ ಎಂದು ಯಾವುದಾದರೂ ಪ್ರೋಗ್ರಾಂ ಕೇಳಿದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಹೊರಗಿನ ಡಿಎನ್‌ಎಸ್ ಸರ್ವರನ್ನು ವಿಚಾರಿಸುವ ಮೊದಲೇ ವ್ಯವಸ್ಥೆಯು ಸಾಮಾನ್ಯವಾಗಿ ಈ ಫೈಲಿನ ಉತ್ತರವನ್ನು ಕೊಟ್ಟುಬಿಡುತ್ತದೆ. ನನ್ನ ಸ್ನೇಹಿತರು ಬರೆಯಬೇಕಾಗಿದ್ದದ್ದು ಒಂದೇ ಸಾಲು: 192.168.1.10 ಎಂಬ ವಿಳಾಸದ ಮುಂದೆ ಲ್ಯಾಬಿನ ಸರ್ವರಿಗೆ ಅವರು ಇಟ್ಟಿದ್ದ ಹೆಸರು. ಈ ಫೈಲಿಗೆ ದೊಡ್ಡ ಇತಿಹಾಸವೇ ಇದೆ. ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ ಜಾಲದ ಎಲ್ಲ ಕಂಪ್ಯೂಟರುಗಳ ಹೆಸರೂ ಇಂಥದೇ ಒಂದು ಪಟ್ಟಿಯಲ್ಲಿದ್ದವು. ಅದನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಕೈಯಾರೆ ತಿದ್ದಿ ಇಡುತ್ತಿದ್ದರು, ಉಳಿದವರು ಅಲ್ಲಿಂದ ಇಳಿಸಿಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ನಿಭಾಯಿಸಲಾಗದಂತಾದಾಗ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಡಿಎನ್‌ಎಸ್ ಬಂದರೂ ಹಳೆಯ ಪಟ್ಟಿ ಪ್ರತಿ ಕಂಪ್ಯೂಟರಿನಲ್ಲೂ ಉಳಿದುಕೊಂಡಿತು, ಮತ್ತು ಅದರ ಮಾತಿಗೇ ಮೊದಲ ಮನ್ನಣೆ ಎಂಬ ರೂಢಿಯೂ ಉಳಿದುಕೊಂಡಿತು.

ಆ ಮೊದಲ ಮನ್ನಣೆಯೇ ಇದಕ್ಕೆ ಕಾವಲು ಬೇಕಾಗಲು ಕಾರಣ. ನೀವು ಯಾವುದೋ ಉಚಿತ ಸಾಫ್ಟ್‌ವೇರನ್ನು ಇಳಿಸಿಕೊಂಡು ನಡೆಸಿದಿರಿ ಎಂದುಕೊಳ್ಳಿ. ಅದು ನಿಮಗೆ ಗೊತ್ತಿಲ್ಲದಂತೆ ನಿಮ್ಮ ಬ್ಯಾಂಕಿನ ಹೆಸರಿನ ಹಿಂದೆ ಇನ್ಯಾರದೋ ಸರ್ವರಿನ ವಿಳಾಸವನ್ನು ಈ ಫೈಲಿನಲ್ಲಿ ಬರೆದಿಟ್ಟರೆ, ನೀವು ಬ್ರೌಸರಿನಲ್ಲಿ ಸರಿಯಾದ ಹೆಸರನ್ನೇ ಟೈಪ್ ಮಾಡಿಯೂ ತಪ್ಪು ಜಾಗಕ್ಕೆ ಹೋಗುತ್ತೀರಿ. ಆಂಟಿವೈರಸ್‌ನ ಅಪ್‌ಡೇಟ್ ಸರ್ವರುಗಳ ಹೆಸರನ್ನು ಇಲ್ಲಿ ಬರೆದು, ಅಪ್‌ಡೇಟ್ ಬಾರದಂತೆ ತಡೆದ ವೈರಸ್‌ಗಳು ಬಂದು ಹೋಗಿವೆ. ಆದ್ದರಿಂದ ನಿಮ್ಮ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ಪ್ರೋಗ್ರಾಮಿಗೂ ಈ ಫೈಲಿನಲ್ಲಿ ಬರೆಯುವ ಹಕ್ಕು ಇರಬಾರದು ಎಂಬುದು ವ್ಯವಸ್ಥೆಯನ್ನು ಕಟ್ಟಿದವರ ನಿರ್ಧಾರ, ಮತ್ತು ಆ ನಿರ್ಧಾರ ಸರಿಯಾದದ್ದೇ ಎಂದು ನಾನು ನಂಬಿದ್ದೇನೆ.

ಇಲ್ಲಿ ‘ಪ್ರೋಗ್ರಾಂ’ ಎಂದೆ, ‘ನೀವು’ ಎನ್ನಲಿಲ್ಲ, ಗಮನಿಸಿ. ಆಪರೇಟಿಂಗ್ ಸಿಸ್ಟಮ್ಮಿಗೆ ಕುರ್ಚಿಯಲ್ಲಿ ಕುಳಿತಿರುವ ಮನುಷ್ಯ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ನೋಟ್‌ಪ್ಯಾಡ್ ಎಂಬ ಪ್ರೋಗ್ರಾಂ, ಆ ಪ್ರೋಗ್ರಾಂ ಯಾರ ಹೆಸರಿನಲ್ಲಿ ಮತ್ತು ಎಷ್ಟು ಅಧಿಕಾರದೊಂದಿಗೆ ನಡೆಯುತ್ತಿದೆ ಎಂಬ ದಾಖಲೆ, ಇನ್ನೊಂದು ಕಡೆ ಫೈಲು, ಆ ಫೈಲಿನ ಮೇಲೆ ಯಾರಿಗೆ ಏನು ಹಕ್ಕು ಎಂದು ಬರೆದಿಟ್ಟ ದಾಖಲೆ. ಈ ಎರಡು ದಾಖಲೆಗಳನ್ನು ತಾಳೆ ನೋಡಿ, ಹೊಂದದಿದ್ದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ಹೀಗಾಗಿ ಸರಿಪಡಿಸಲು ದಾರಿ ಎರಡೇ: ಫೈಲಿನ ದಾಖಲೆಯನ್ನು ಬದಲಾಯಿಸುವುದು, ಇಲ್ಲವೇ ತಿದ್ದುವ ಪ್ರೋಗ್ರಾಮನ್ನು ಆ ಹೊತ್ತಿಗೆ ತಕ್ಕ ಅಧಿಕಾರದಲ್ಲಿ ನಡೆಸುವುದು. ಹುಡುಕಿದಾಗ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮೊದಲನೆಯ ದಾರಿಯವು; ನಾನು ನಿಮ್ಮನ್ನು ಒತ್ತಾಯಪೂರ್ವಕವಾಗಿ ಕರೆದೊಯ್ಯಲು ಬಯಸುವುದು ಎರಡನೆಯದಕ್ಕೆ. ಏಕೆಂದರೆ ಪ್ರೋಗ್ರಾಂ ಮುಚ್ಚಿದ ಕೂಡಲೇ ಅದಕ್ಕೆ ಕೊಟ್ಟ ಅಧಿಕಾರ ಮುಗಿದುಹೋಗುತ್ತದೆ, ಆದರೆ ಫೈಲಿನ ಮೇಲೆ ಬರೆದದ್ದು ನೀವು ಮರೆತ ಮೇಲೂ ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಈಗ ಸ್ನೇಹಿತರ ಪ್ರಶ್ನೆಗೆ ಬರೋಣ. ಅವರು ಅಡ್ಮಿನ್ ಆಗಿದ್ದದ್ದು ನಿಜವೇ. ಆದರೆ ವಿಂಡೋಸ್ ವಿಸ್ತಾದಿಂದ ಈಚೆಗೆ, ಅಡ್ಮಿನಿಸ್ಟ್ರೇಟರ್ ಗುಂಪಿನವರು ಲಾಗಿನ್ ಆದಾಗ ವಿಂಡೋಸ್ ಅವರಿಗೆ ಎರಡು ಗುರುತುಪತ್ರಗಳನ್ನು ಸಿದ್ಧಪಡಿಸುತ್ತದೆ. ಒಂದರಲ್ಲಿ ಪೂರ್ಣ ಅಧಿಕಾರ, ಇನ್ನೊಂದರಲ್ಲಿ ಸಾಮಾನ್ಯ ಬಳಕೆದಾರನಷ್ಟೇ ಅಧಿಕಾರ. ಡೆಸ್ಕ್‌ಟಾಪ್ ಮತ್ತು ನೀವು ಡಬಲ್ ಕ್ಲಿಕ್ ಮಾಡಿ ತೆರೆಯುವ ಪ್ರೋಗ್ರಾಂಗಳು ಸಾಮಾನ್ಯವಾಗಿ ಎರಡನೆಯದನ್ನು ಹಿಡಿದುಕೊಂಡೇ ನಡೆಯುತ್ತವೆ. ಪರದೆ ಮಬ್ಬಾಗಿ ‘ಈ ಪ್ರೋಗ್ರಾಂ ಬದಲಾವಣೆ ಮಾಡಬಹುದೇ’ ಎಂದು ಕೇಳುವ ಆ ಕಿಟಕಿ ಬಂದು, ನೀವು ‘ಯೆಸ್’ ಎಂದಾಗ ಮಾತ್ರ ಮೊದಲನೆಯ ಪತ್ರ ಹೊರಗೆ ಬರುತ್ತದೆ. ಅಂದರೆ ಅವರು ಅಡ್ಮಿನ್ ಆಗಿದ್ದರೂ ಅವರು ತೆರೆದ ನೋಟ್‌ಪ್ಯಾಡ್ ಅಡ್ಮಿನ್ ಆಗಿರಲಿಲ್ಲ.

ಮಾಡಬೇಕಾದದ್ದು ಹೀಗೆ. ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಎಂದು ಹುಡುಕಿ, ಬಂದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಆಮೇಲೆ ಫೈಲ್ ಮೆನುವಿನ ‘ಓಪನ್’ ಮೂಲಕವೇ ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಫೋಲ್ಡರಿಗೆ ಹೋಗಿ. ಫೋಲ್ಡರ್ ಖಾಲಿ ಎಂದು ಕಾಣುತ್ತದೆ, ಗಾಬರಿಯಾಗಬೇಡಿ. ನೋಟ್‌ಪ್ಯಾಡ್ ತಾನಾಗಿ ಟಿಎಕ್ಸ್‌ಟಿ ಎಂಬ ಬಾಲವಿರುವ ಫೈಲುಗಳನ್ನಷ್ಟೇ ತೋರಿಸುತ್ತದೆ, ಹೋಸ್ಟ್ಸ್ ಫೈಲಿಗೆ ಬಾಲವೇ ಇಲ್ಲ. ಕೆಳಗೆ ‘ಟೆಕ್ಸ್ಟ್ ಡಾಕ್ಯುಮೆಂಟ್ಸ್’ ಎಂದಿರುವಲ್ಲಿ ‘ಆಲ್ ಫೈಲ್ಸ್’ ಎಂದು ಬದಲಿಸಿದರೆ ಅದು ಕಣ್ಣಿಗೆ ಬೀಳುತ್ತದೆ. ಹೀಗೆ ತೆರೆದು, ಸಾಲು ಸೇರಿಸಿ, ಕಂಟ್ರೋಲ್ ಎಸ್ ಒತ್ತಿದರೆ ಮಾತಿಲ್ಲದೆ ಸೇವ್ ಆಗುತ್ತದೆ. ಆದರೂ ಆಗದಿದ್ದರೆ ಮೊದಲು ಫೈಲಿನ ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಗುರುತು ಇದೆಯೇ ನೋಡಿ, ಅನಂತರ ಆಂಟಿವೈರಸ್ ತಡೆಯುತ್ತಿದೆಯೇ ನೋಡಿ. ಹಲವು ಆಂಟಿವೈರಸ್‌ಗಳು ಈ ಫೈಲಿನ ಮೇಲೆ ವಿಶೇಷ ಕಣ್ಣಿಟ್ಟಿರುತ್ತವೆ.

ಇಲ್ಲೊಂದು ಸಣ್ಣ ವಿಷಯಾಂತರ. ಹಳೆಯ ಅಕೌಂಟಿಂಗ್ ಅಥವಾ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ವಿಚಿತ್ರ ಅನುಭವವಾಗಿರಬಹುದು: ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗಿನ ಸೆಟ್ಟಿಂಗ್ಸ್ ಫೈಲು ಯಾವ ತಕರಾರೂ ಇಲ್ಲದೆ ಸೇವ್ ಆಗುತ್ತದೆ, ಆದರೆ ಬೇರೆ ಬಳಕೆದಾರರು ಲಾಗಿನ್ ಆದರೆ ಆ ಬದಲಾವಣೆಯೇ ಕಾಣುವುದಿಲ್ಲ. ವಿಸ್ತಾಗೆ ಮೊದಲು ಬರೆದ ಪ್ರೋಗ್ರಾಂಗಳು ಅನುಮತಿಯಿಲ್ಲದೆ ಕುಸಿದು ಬೀಳದಿರಲಿ ಎಂದು ವಿಂಡೋಸ್ ಅವು ಬರೆದದ್ದನ್ನು ಮೂಲ ಜಾಗಕ್ಕೆ ಕಳಿಸದೆ, ಆಯಾ ಬಳಕೆದಾರರ ಖಾತೆಯೊಳಗೆ ವರ್ಚುವಲ್‌ಸ್ಟೋರ್ ಎಂಬ ಫೋಲ್ಡರಿಗೆ ತಿರುಗಿಸುತ್ತದೆ. ‘ಸೇವ್ ಆಯಿತು, ಆದರೆ ಆಗಲಿಲ್ಲ’ ಎಂದು ಯಾರಾದರೂ ನಿಮ್ಮ ಬಳಿ ಬಂದರೆ ಆ ಫೋಲ್ಡರನ್ನು ಹುಡುಕಿ ನೋಡಿ. ತಪ್ಪಿನ ಸಂದೇಶವೇ ಬಾರದ ಅನುಮತಿ ಸಮಸ್ಯೆ ಅದು, ಹಾಗಾಗಿ ಪತ್ತೆ ಹಚ್ಚುವುದು ಕಷ್ಟ.

ವಿಂಡೋಸ್ ಸ್ವಂತ ಫೈಲುಗಳಲ್ಲಿ ಇನ್ನೂ ಬಿಗಿಯಾದ ಒಂದು ವರ್ಗವಿದೆ. ಅವುಗಳ ಒಡೆತನ ಅಡ್ಮಿನಿಸ್ಟ್ರೇಟರಿಗೂ ಇಲ್ಲ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಸೇವೆಯ ಹೆಸರಿನಲ್ಲಿದೆ. ಅಪ್‌ಡೇಟ್ ಬಂದಾಗ ಆ ಸೇವೆಯೇ ಅವುಗಳನ್ನು ಬದಲಾಯಿಸುತ್ತದೆ. ಇಂಥ ಫೈಲಿನ ಮುಂದೆ ಪೂರ್ಣ ಅಧಿಕಾರದ ನೋಟ್‌ಪ್ಯಾಡಿಗೂ ಪ್ರವೇಶವಿಲ್ಲ. ಇಲ್ಲಿ ಬಹಳ ಜನ ಎಡವುವುದು ಒಡೆತನ ಮತ್ತು ಹಕ್ಕು ಎರಡೂ ಒಂದೇ ಎಂದುಕೊಂಡು. ನಮ್ಮ ಪಹಣಿಯನ್ನು ನೆನಪಿಸಿಕೊಳ್ಳಿ: ಖಾತೆದಾರರ ಕಲಂ ಬೇರೆ, ಸಾಗುವಳಿದಾರರ ಕಲಂ ಬೇರೆ. ಖಾತೆ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಸಾಗುವಳಿ ಕಲಂ ತಾನಾಗಿ ಬದಲಾಗುವುದಿಲ್ಲ. ಹಾಗೆಯೇ ಟೇಕ್‌ಓನ್ ಎಂಬ ಆದೇಶ ಕೊಟ್ಟು ಫೈಲಿನ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಂಡರೂ ಬರೆಯುವ ಹಕ್ಕು ಬರುವುದಿಲ್ಲ. ಹಕ್ಕುಗಳ ಪಟ್ಟಿಯನ್ನು ಬದಲಾಯಿಸುವ ಅಧಿಕಾರವಷ್ಟೇ ಬರುತ್ತದೆ. ಆಮೇಲೆ ಐಸಿಎಸಿಎಲ್‌ಎಸ್ ಎಂಬ ಇನ್ನೊಂದು ಆದೇಶದಿಂದ ಹಕ್ಕನ್ನು ಬೇರೆಯಾಗಿ ಬರೆದುಕೊಳ್ಳಬೇಕು. ನಿಜವಾಗಿಯೂ ಅಂಥ ಅಗತ್ಯ ಬಿದ್ದರೆ, ಅದೇ ಆದೇಶದ ‘ಸೇವ್’ ಆಯ್ಕೆಯಿಂದ ಈಗಿರುವ ಹಕ್ಕುಗಳ ಪಟ್ಟಿಯನ್ನು ಮೊದಲು ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ‘ರೀಸ್ಟೋರ್’ ಆಯ್ಕೆಯಿಂದ ಹಿಂದಕ್ಕೆ ತನ್ನಿ, ಒಡೆತನವನ್ನು ಟ್ರಸ್ಟೆಡ್‌ಇನ್‌ಸ್ಟಾಲರಿಗೇ ಮರಳಿಸಿ. ಆದರೆ ಸಿಸ್ಟಮ್32ರ ಡಿಎಲ್‌ಎಲ್ ಫೈಲೊಂದು ಕೆಟ್ಟಿದೆ ಎಂದು ಅದನ್ನು ಬೇರೆಡೆಯಿಂದ ತಂದು ಕೂರಿಸಲು ಈ ದಾರಿ ಹಿಡಿಯಬೇಡಿ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆದೇಶ ಕೊಟ್ಟರೆ ವಿಂಡೋಸ್ ತನ್ನ ಫೈಲನ್ನು ತಾನೇ ಸರಿಪಡಿಸಿಕೊಳ್ಳಲು ನೋಡುತ್ತದೆ. ಆ ಕೆಲಸಕ್ಕೆ ಅದೇ ಯೋಗ್ಯ.

ಲಿನಕ್ಸ್ ಕಡೆಗೆ ಬಂದರೆ ಹೇಳುವುದು ಇನ್ನೂ ಹೆಚ್ಚಿದೆ, ಏಕೆಂದರೆ ಅಲ್ಲಿ ಎಲ್ಲವೂ ಕಣ್ಣೆದುರೇ ಬರೆದಿರುತ್ತದೆ, ಓದಲು ಬರಬೇಕು ಅಷ್ಟೇ. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಎಲ್‌ಎಸ್ ಮೈನಸ್ ಎಲ್ ಎಂದು ಟೈಪ್ ಮಾಡಿ, ಮುಂದೆ /ಇಟಿಸಿ/ಹೋಸ್ಟ್ಸ್ ಎಂದು ಕೊಡಿ. ಬರುವ ಸಾಲಿನ ಮೊದಲಿಗೆ ಹತ್ತು ಅಕ್ಷರಗಳ ಒಂದು ಗುಂಪು ಇರುತ್ತದೆ. ಮೊದಲನೆಯದು ಒಂದು ಗೆರೆ, ಅಂದರೆ ಇದು ಸಾಮಾನ್ಯ ಫೈಲು. ಉಳಿದ ಒಂಬತ್ತನ್ನು ಮೂರು ಮೂರಾಗಿ ಓದಿ: ಒಡೆಯನಿಗೆ, ಗುಂಪಿಗೆ, ಉಳಿದವರಿಗೆ. ಆರ್ ಎಂದರೆ ಓದುವ ಹಕ್ಕು, ಡಬ್ಲ್ಯೂ ಎಂದರೆ ಬರೆಯುವ ಹಕ್ಕು, ಎಕ್ಸ್ ಎಂದರೆ ನಡೆಸುವ ಹಕ್ಕು. ಹೋಸ್ಟ್ಸ್ ಫೈಲಿನಲ್ಲಿ ಒಡೆಯನಿಗೆ ಆರ್ ಮತ್ತು ಡಬ್ಲ್ಯೂ, ಗುಂಪಿಗೆ ಆರ್, ಉಳಿದವರಿಗೆ ಆರ್. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಕೂಡಿದರೆ ಅದು 644. ಮುಂದೆ ಒಡೆಯನ ಹೆಸರು ರೂಟ್, ಗುಂಪಿನ ಹೆಸರೂ ರೂಟ್. ರೂಟ್ ಎಂದರೆ ಲಿನಕ್ಸ್‌ನಲ್ಲಿ ಪೂರ್ಣ ಅಧಿಕಾರವಿರುವ ಖಾತೆ. ಈಗ ಐಡಿ ಎಂದು ಟೈಪ್ ಮಾಡಿ ನೋಡಿದರೆ ನಿಮ್ಮ ಸಂಖ್ಯೆ ಸಿಗುತ್ತದೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನದು ಸಾಮಾನ್ಯವಾಗಿ 1000, ರೂಟ್‌ನದು 0. ನೀವು ಒಡೆಯನೂ ಅಲ್ಲ, ಗುಂಪಿನವರೂ ಅಲ್ಲ, ಆದ್ದರಿಂದ ‘ಉಳಿದವರು’. ಉಳಿದವರಿಗೆ ಓದಲು ಮಾತ್ರ ಹಕ್ಕು. ಫೈಲು ತೆರೆಯಿತು, ಸೇವ್ ಆಗಲಿಲ್ಲ ಎಂಬುದರ ಪೂರ್ತಿ ವಿವರಣೆ ಆ ಒಂದು ಸಾಲಿನಲ್ಲಿದೆ.

ಸಾಲನ್ನು ಓದಿಯಾದ ಮೇಲೆ ತಪ್ಪಿನ ಸಂದೇಶವನ್ನು ಓದಬೇಕು. ಲಿನಕ್ಸ್ ‘ಆಗುವುದಿಲ್ಲ’ ಎಂದು ಹೇಳುವಾಗ ಮೂರು ಬೇರೆ ಬೇರೆ ಮಾತು ಬಳಸುತ್ತದೆ, ಮತ್ತು ಅವು ಮೂರು ಬೇರೆ ಬೇರೆ ಕಾಯಿಲೆಗಳು. ‘ಪರ್ಮಿಷನ್ ಡಿನೈಡ್’ ಎಂದರೆ, ತಪ್ಪಿನ ಸಂಖ್ಯೆ 13, ಹೆಚ್ಚಾಗಿ ಈಗ ನೋಡಿದ ಆ ಒಂಬತ್ತು ಅಕ್ಷರಗಳೇ ತಡೆದವು ಎಂದರ್ಥ. ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದರೆ, ಸಂಖ್ಯೆ 1, ಓದು ಬರಹದ ಹಕ್ಕಿನ ಮಾತಲ್ಲ, ನೀವು ಮಾಡಹೊರಟ ಕೆಲಸವೇ ನಿಮ್ಮ ಅಧಿಕಾರಕ್ಕೆ ಮೀರಿದ್ದು ಅಥವಾ ಫೈಲಿನ ಮೇಲೆ ಬೇರೆಯದೇ ಮೊಹರು ಬಿದ್ದಿದೆ. ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಎಂದರೆ, ಸಂಖ್ಯೆ 30, ಫೈಲಿನದಾಗಲಿ ನಿಮ್ಮದಾಗಲಿ ದೋಷವಿಲ್ಲ, ಆ ಡಿಸ್ಕಿನ ಭಾಗವೇ ಓದಲು ಮಾತ್ರ ತೆರೆದಿದೆ. ನನಗೆ ಬರುವ ಫೋನುಗಳಲ್ಲಿ ‘ಏನೋ ಪರ್ಮಿಷನ್ ಎರರ್ ಸರ್’ ಎನ್ನುವವರೇ ಹೆಚ್ಚು. ದಯವಿಟ್ಟು ಸಂದೇಶದ ಪ್ರತಿ ಪದವನ್ನೂ ಓದಿ ಹೇಳಿ ಎಂದು ನಾನು ಬೇಡಿಕೊಳ್ಳುತ್ತೇನೆ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮೊದಲನೆಯದಕ್ಕೆ, ಅಂದರೆ ‘ಪರ್ಮಿಷನ್ ಡಿನೈಡ್’ಗೆ, ಮದ್ದು ಸುಡೊ: ಒಂದು ಆದೇಶವನ್ನು ರೂಟ್ ಅಧಿಕಾರದಲ್ಲಿ ನಡೆಸಿಕೊಡುವ ಪ್ರೋಗ್ರಾಂ. ಇದನ್ನು 1980ರ ಸುಮಾರಿಗೆ ಅಮೆರಿಕದ ಬಫಲೊದಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದರು. ಅದರ ಹಿಂದಿನ ಉಪಾಯ ಇನ್ನೂ ಹಳೆಯದು: ಒಂದು ಪ್ರೋಗ್ರಾಂ ಅದನ್ನು ಕರೆದವನ ಅಧಿಕಾರದಲ್ಲಿ ನಡೆಯದೆ, ಆ ಪ್ರೋಗ್ರಾಮಿನ ಒಡೆಯನ ಅಧಿಕಾರದಲ್ಲಿ ನಡೆಯುವಂತೆ ಫೈಲಿನ ಮೇಲೆ ಹಾಕುವ ಸೆಟ್‌ಯುಐಡಿ ಎಂಬ ಗುರುತು. ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ ಅವರಿಗೆ ಅದಕ್ಕಾಗಿ 1979ರಲ್ಲಿ ಪೇಟೆಂಟ್ ದೊರೆಯಿತು. ಸುಡೊ ಎಂಬ ಫೈಲಿನ ಒಡೆಯ ರೂಟ್, ಅದರ ಮೇಲೆ ಈ ಗುರುತಿದೆ; ಹಾಗಾಗಿ ಅದು ರೂಟ್ ಆಗಿ ಎದ್ದು, ನೀವು ಯಾರು, ನಿಮಗೆ ಈ ಆದೇಶ ಕೊಡಲು ಅನುಮತಿ ಇದೆಯೇ ಎಂದು ತನ್ನ ಪಟ್ಟಿಯಲ್ಲಿ ನೋಡಿ, ನಿಮ್ಮ ಪಾಸ್‌ವರ್ಡ್ ಕೇಳಿ, ಆಮೇಲೆ ಕೆಲಸಕ್ಕೆ ಕೈ ಹಾಕುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಕಾಣದಿರಬಹುದು. ಕೀಬೋರ್ಡ್ ಕೆಟ್ಟಿದೆ ಎಂದು ಹೊಸಬರು ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಬೇಡಿ.

ಸುಡೊ ನ್ಯಾನೊ /ಇಟಿಸಿ/ಹೋಸ್ಟ್ಸ್ ಎಂದರೆ ಕೆಲಸ ಆಗುತ್ತದೆ; ನ್ಯಾನೊ ಎಂಬುದು ಟರ್ಮಿನಲ್ಲಿನೊಳಗೆ ತೆರೆಯುವ ಒಂದು ಎಡಿಟರ್. ಆದರೆ ಒಂದೇ ಸಾಲು ಸೇರಿಸಲು ಎಡಿಟರ್ ಏಕೆಂದು, ಎಕೊ ಆದೇಶದಿಂದ ಆ ಸಾಲನ್ನು ಹೊರಡಿಸಿ, ಎರಡು ‘ದೊಡ್ಡದು’ ಚಿಹ್ನೆ (>>) ಹಾಕಿ ಫೈಲಿಗೆ ತಿರುಗಿಸಿ, ಎಲ್ಲಕ್ಕೂ ಮೊದಲಿಗೆ ಸುಡೊ ಸೇರಿಸುವವರಿದ್ದಾರೆ. ಆಗಲೂ ‘ಪರ್ಮಿಷನ್ ಡಿನೈಡ್’ ಬರುತ್ತದೆ! ಸುಡೊ ಹಾಕಿಯೂ ಏಕೆ ಎಂದು ತಲೆ ಕೆಡಿಸಿಕೊಂಡವರು ಈ ಸಭೆಯಲ್ಲೂ ಇದ್ದೀರಿ ಎಂದು ನನಗೆ ಗೊತ್ತು. ಕಾರಣ ಇದು: ಆ ಚಿಹ್ನೆ ಸುಡೊಗೆ ತಲುಪುವುದೇ ಇಲ್ಲ. ಸಾಲನ್ನು ಮೊದಲು ಓದುವುದು ನಿಮ್ಮ ಶೆಲ್, ಅಂದರೆ ಟರ್ಮಿನಲ್ಲಿನಲ್ಲಿ ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ. ಫೈಲಿಗೆ ಬರೆಯಬೇಕು ಎಂದು ಕಂಡ ತಕ್ಷಣ ಅದು ಸುಡೊವನ್ನು ಎಬ್ಬಿಸುವ ಮೊದಲೇ ತಾನೇ ಆ ಫೈಲನ್ನು ತೆರೆಯಲು ಹೋಗುತ್ತದೆ, ಮತ್ತು ಶೆಲ್ ನಡೆಯುತ್ತಿರುವುದು ನಿಮ್ಮ ಹೆಸರಿನಲ್ಲಿ. ರೂಟ್ ಅಧಿಕಾರ ಸಿಕ್ಕಿದ್ದು ಎಕೊಗೆ, ಬೇಕಾಗಿದ್ದದ್ದು ಬರೆಯುವವನಿಗೆ.

ಇದಕ್ಕೆ ಟೀ ಎಂಬ ಪುಟ್ಟ ಪ್ರೋಗ್ರಾಂ ಇದೆ. ನೀರಿನ ಪೈಪಿಗೆ ಪ್ಲಂಬರ್ ಹಾಕುವ ಟೀ ಜಾಯಿಂಟಿನಿಂದಲೇ ಆ ಹೆಸರು ಬಂದಿದೆ. ಒಳಗೆ ಬಂದದ್ದನ್ನು ಅದು ಪರದೆಗೂ ಕಳಿಸುತ್ತದೆ, ಫೈಲಿಗೂ ಕಳಿಸುತ್ತದೆ. ಎಕೊ ಆದೇಶ ಮುಗಿದ ನಂತರ ಪೈಪ್ ಚಿಹ್ನೆ (|) ಹಾಕಿ, ಸುಡೊ ಟೀ ಮೈನಸ್ ಎ /ಇಟಿಸಿ/ಹೋಸ್ಟ್ಸ್ ಎಂದು ಕೊಟ್ಟರೆ ಫೈಲನ್ನು ತೆರೆಯುವುದು ಟೀ, ಮತ್ತು ಟೀ ನಡೆಯುವುದು ರೂಟ್ ಆಗಿ. ಆ ‘ಮೈನಸ್ ಎ’ ಮರೆಯಬಾರದು. ಅದು ಇದ್ದರೆ ಕೊನೆಗೆ ಸೇರಿಸುತ್ತದೆ, ಇಲ್ಲದಿದ್ದರೆ ಹಳೆಯದನ್ನೆಲ್ಲ ಅಳಿಸಿ ನಿಮ್ಮ ಒಂದು ಸಾಲನ್ನಷ್ಟೇ ಉಳಿಸುತ್ತದೆ. ಈ ಕಾರಣಕ್ಕಾಗಿಯೇ ನಾನು ಮೊದಲು ಸುಡೊ ಸಿಪಿ ಮೈನಸ್ ಪಿ ಕೊಟ್ಟು, ಒಡೆತನ ಹಕ್ಕುಗಳ ಸಮೇತ ಒಂದು ಪ್ರತಿ ತೆಗೆದಿಟ್ಟುಕೊಳ್ಳದೆ ಇಟಿಸಿ ಫೋಲ್ಡರಿನ ಯಾವ ಫೈಲಿಗೂ ಕೈ ಹಾಕುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾದದ್ದು ಸುಡೊಎಡಿಟ್. ಇದು ಫೈಲಿನ ಒಂದು ತಾತ್ಕಾಲಿಕ ಪ್ರತಿ ಮಾಡಿ, ಅದನ್ನು ನಿಮ್ಮ ಸಾಮಾನ್ಯ ಅಧಿಕಾರದಲ್ಲೇ ನಿಮ್ಮ ಎಡಿಟರಿನಲ್ಲಿ ತೆರೆದುಕೊಡುತ್ತದೆ. ನೀವು ತಿದ್ದಿ ಮುಚ್ಚಿದ ಮೇಲೆ, ಬದಲಾವಣೆ ಆಗಿದ್ದರೆ ಮಾತ್ರ ಅದನ್ನು ಮೂಲ ಜಾಗಕ್ಕೆ ಬರೆಯುತ್ತದೆ. ಎಡಿಟರ್ ಎಂಬುದು ಸಣ್ಣ ಪ್ರೋಗ್ರಾಂ ಅಲ್ಲ; ಅದಕ್ಕೆ ಹತ್ತಾರು ಪ್ಲಗಿನ್ ಇರುತ್ತವೆ, ಅದರೊಳಗಿಂದಲೇ ಬೇರೆ ಆದೇಶ ಕೊಡಬಹುದು. ಅಷ್ಟನ್ನೂ ರೂಟ್ ಆಗಿ ನಡೆಸುವ ಬದಲು ಬರೆಯುವ ಆ ಒಂದು ಕ್ಷಣಕ್ಕೆ ಮಾತ್ರ ಅಧಿಕಾರ ಬಳಸುವುದು ಎಷ್ಟು ಅಚ್ಚುಕಟ್ಟು! ಸುಡೊದ ಸ್ವಂತ ಪಟ್ಟಿಯಾದ ಸುಡೊಯರ್ಸ್ ಫೈಲನ್ನು ತಿದ್ದುವಾಗಲಂತೂ ವಿಸುಡೊ ಬಿಟ್ಟು ಬೇರೇನನ್ನೂ ಬಳಸಬೇಡಿ. ಅದು ಸೇವ್ ಮಾಡುವ ಮೊದಲು ಬರಹದ ವ್ಯಾಕರಣ ಪರೀಕ್ಷಿಸುತ್ತದೆ. ಅಲ್ಲಿ ಒಂದು ಚಿಹ್ನೆ ತಪ್ಪಿದರೂ ಆ ಕಂಪ್ಯೂಟರಿನಲ್ಲಿ ಸುಡೊ ಕೆಲಸ ಮಾಡದೆ ಹೋಗಬಹುದು, ಆಗ ತಪ್ಪನ್ನು ತಿದ್ದಲೂ ಸುಡೊ ಇರುವುದಿಲ್ಲ.

ಫೈಲಿನ ಹಕ್ಕು ಸರಿಯಿದ್ದೂ ಬಾಗಿಲು ತೆರೆಯದಿದ್ದರೆ ಫೋಲ್ಡರುಗಳನ್ನು ನೋಡಿ. ಲಿನಕ್ಸ್‌ನಲ್ಲಿ ಫೋಲ್ಡರಿನ ಮೇಲಿರುವ ಎಕ್ಸ್ ಎಂದರೆ ಅದರ ಮೂಲಕ ಹಾದುಹೋಗುವ ಹಕ್ಕು. ದಾರಿಯಲ್ಲಿನ ಯಾವುದೋ ಒಂದು ಫೋಲ್ಡರಿನಲ್ಲಿ ಅದು ಇಲ್ಲದಿದ್ದರೂ ಕೊನೆಯ ಫೈಲು ಸಿಗುವುದಿಲ್ಲ. ನೇಮ್‌ಐ ಮೈನಸ್ ಎಲ್ ಎಂಬ ಆದೇಶ ಪೂರ್ತಿ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಇನ್ನೊಂದು ವಿಷಯ ಕೇಳಿದರೆ ಹಲವರಿಗೆ ನಂಬಿಕೆಯೇ ಬರುವುದಿಲ್ಲ: ಫೈಲನ್ನು ಅಳಿಸಲು ಆ ಫೈಲಿನ ಮೇಲೆ ಬರೆಯುವ ಹಕ್ಕು ಬೇಕಿಲ್ಲ, ಸಾಮಾನ್ಯವಾಗಿ ಅದಿರುವ ಫೋಲ್ಡರಿನಲ್ಲಿ ಬರೆಯುವ ಮತ್ತು ಹಾದುಹೋಗುವ ಹಕ್ಕು ಸಾಕು. ಹೆಸರು ಇರುವುದು ಫೋಲ್ಡರಿನ ಪಟ್ಟಿಯಲ್ಲಿ, ಅಳಿಸುವುದೆಂದರೆ ಆ ಪಟ್ಟಿಯಿಂದ ಹೆಸರನ್ನು ತೆಗೆಯುವುದು. ಹಾಗಾಗಿ ಫೈಲನ್ನು ಭದ್ರವಾಗಿಟ್ಟು ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟರೆ ಆ ಭದ್ರತೆಗೆ ಅರ್ಥವಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು, ಏಕೆಂದರೆ 777 ಎಂಬ ಸಂಖ್ಯೆಯ ಬಗ್ಗೆ ಎಚ್ಚರಿಕೆ ಕೊಡುವವರು ಅದರಿಂದ ಮುಂದೆ ಏನಾಗುತ್ತದೆ ಎಂಬುದನ್ನು ಹೇಳದೆ ಬಿಡುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಣ್ಣ ಕಚೇರಿಯ ಉಬುಂಟು ಸರ್ವರನ್ನು ನಾನು ದೂರದಿಂದ ನೋಡಿಕೊಳ್ಳುತ್ತಿದ್ದೆ. ಒಂದು ಸೆಟ್ಟಿಂಗ್ಸ್ ಫೈಲು ಸೇವ್ ಆಗುತ್ತಿರಲಿಲ್ಲ. ಹೊತ್ತಾಗಿತ್ತು, ಆತುರವಿತ್ತು, ಇಟಿಸಿ ಫೋಲ್ಡರಿಗೆ ಮತ್ತು ಅದರೊಳಗಿನ ಎಲ್ಲಕ್ಕೂ ಎಲ್ಲರಿಗೂ ಎಲ್ಲ ಹಕ್ಕೂ ಇರಲಿ ಎಂದು, ಹಕ್ಕು ಬದಲಿಸುವ ಸಿಎಚ್‌ಮಾಡ್ ಆದೇಶವನ್ನು ಸುಡೊ ಸಿಎಚ್‌ಮಾಡ್ ಮೈನಸ್ ಆರ್ 777 ಎಂದು ಕೊಟ್ಟೆ. ಫೈಲು ಸೇವ್ ಆಯಿತು. ಮರುಕ್ಷಣ ಇನ್ನೊಂದು ಸುಡೊ ಆದೇಶ ಕೊಟ್ಟಾಗ, ಸುಡೊಯರ್ಸ್ ಫೈಲನ್ನು ಯಾರು ಬೇಕಾದರೂ ಬರೆಯಬಹುದಾಗಿದೆ ಎಂಬ ಸಂದೇಶ ಬಂದು ಸುಡೊ ನಿಂತುಹೋಯಿತು. ಅದು ಸರಿಯಾಗಿಯೇ ನಡೆದುಕೊಂಡಿತ್ತು: ಯಾರು ಬೇಕಾದರೂ ತಿದ್ದಬಹುದಾದ ಪಟ್ಟಿಯನ್ನು ನಂಬಿ ಅದು ರೂಟ್ ಅಧಿಕಾರವನ್ನು ಹಂಚುವುದಾದರೂ ಹೇಗೆ? ಬಳಕೆದಾರರ ಪಾಸ್‌ವರ್ಡುಗಳ ಗುಪ್ತರೂಪ ಇರುವ ಶ್ಯಾಡೊ ಫೈಲು ಕೂಡ ಎಲ್ಲರ ಕಣ್ಣಿಗೂ ತೆರೆದುಕೊಂಡಿತ್ತು. ದೂರದಿಂದ ಒಳಬರಲು ಇದ್ದ ಎಸ್‌ಎಸ್‌ಎಚ್ ಸೇವೆಯ ಗುಪ್ತ ಕೀಲಿಗಳೂ ಅದೇ ಫೋಲ್ಡರಿನೊಳಗಿದ್ದವು. ಅವುಗಳ ಹಕ್ಕು ಸಡಿಲವಾದರೆ ಆ ಸೇವೆ ಅವನ್ನು ಒಪ್ಪುವುದಿಲ್ಲ, ಮುಂದಿನ ಬಾರಿ ಶುರುವಾಗುವುದೂ ಇಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಆ ಕಚೇರಿಗೆ ಹೋಗಿ, ಸರ್ವರಿಗೆ ಮಾನಿಟರ್ ಕೀಬೋರ್ಡ್ ಜೋಡಿಸಿ, ಬೂಟ್ ಆಗುವಾಗ ಗ್ರಬ್ ಮೆನುವಿನಿಂದ ರಿಕವರಿ ಮೋಡಿಗೆ ಹೋಗಿ ರೂಟ್ ಶೆಲ್ ತೆಗೆದೆ. ಅಲ್ಲಿ ಸಿಎಚ್‌ಮಾಡ್ ಕೊಟ್ಟರೆ ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಎಂದಿತು. ರಿಕವರಿ ಮೋಡ್ ಡಿಸ್ಕನ್ನು ಓದಲಷ್ಟೇ ತೆರೆದಿತ್ತು. ಮೌಂಟ್ ಆದೇಶದ ರೀಮೌಂಟ್ ಆಯ್ಕೆಯಿಂದ ಬರೆಯಲು ತೆರೆದುಕೊಂಡು, ಸುಡೊಯರ್ಸ್‌ಗೆ 440, ಶ್ಯಾಡೊಗೆ 640, ಎಸ್‌ಎಸ್‌ಎಚ್‌ನ ಗುಪ್ತ ಕೀಲಿಗಳಿಗೆ 600 ಎಂದು ಒಂದೊಂದಾಗಿ ಹಾಕಿದೆ. ಉಳಿದ ನೂರಾರು ಫೈಲುಗಳಿಗೆ ಅದೇ ಆವೃತ್ತಿಯ ಇನ್ನೊಂದು ಕಂಪ್ಯೂಟರಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ತಿದ್ದಿದೆ. ಆ ಫೈಲುಗಳನ್ನು ಒಮ್ಮೆ ಯಾರು ಬೇಕಾದರೂ ಓದುವಂತೆ ಇಟ್ಟಿದ್ದರಿಂದ ಕೀಲಿಗಳನ್ನು ಹೊಸದಾಗಿ ಮಾಡಿಸಿ, ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಬೇಕಾಯಿತು. ತಿದ್ದಬೇಕಾಗಿದ್ದದ್ದು ಒಂದೇ ಫೈಲು. ಅದಕ್ಕೆ ಸುಡೊಎಡಿಟ್ ಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸವಾಗುತ್ತಿತ್ತು.

ಇನ್ನು ‘ಆಪರೇಷನ್ ನಾಟ್ ಪರ್ಮಿಟೆಡ್’. ಸುಡೊ ಹಾಕಿಯೂ ಹೋಸ್ಟ್ಸ್ ಫೈಲಿನ ವಿಷಯದಲ್ಲಿ ಈ ಮಾತು ಬಂದರೆ ಎಲ್‌ಎಸ್‌ಎಟಿಟಿಆರ್ ಆದೇಶದಿಂದ ನೋಡಿ. ಐ ಎಂಬ ಅಕ್ಷರ ಕಂಡರೆ ಯಾರೋ ಫೈಲಿಗೆ ‘ಬದಲಾಗಬಾರದು’ ಎಂಬ ಮೊಹರು ಒತ್ತಿದ್ದಾರೆ. ಅದು ಇರುವವರೆಗೆ ರೂಟ್ ಕೂಡ ಬರೆಯಲಾರ, ಅಳಿಸಲಾರ. ಸಿಎಚ್‌ಎಟಿಟಿಆರ್ ಮೈನಸ್ ಐ ಕೊಟ್ಟರೆ ಮೊಹರು ಹೋಗುತ್ತದೆ. ಆದರೆ ಆ ಮೊಹರು ತಾನಾಗಿ ಬೀಳುವುದಿಲ್ಲ; ಹಿಂದಿನ ನಿರ್ವಾಹಕರು ಕಾರಣವಿದ್ದು ಹಾಕಿರಬಹುದು, ಅಥವಾ ಒಳನುಗ್ಗಿದ ಕೆಟ್ಟ ಪ್ರೋಗ್ರಾಂ ತನ್ನ ಬರಹವನ್ನು ಯಾರೂ ತೆಗೆಯದಿರಲಿ ಎಂದು ಹಾಕಿರಬಹುದು. ತೆಗೆಯುವ ಮೊದಲು ಫೈಲಿನಲ್ಲಿ ಏನು ಬರೆದಿದೆ ಎಂದು ಓದಿ ನೋಡಿ, ಸಹೋದ್ಯೋಗಿಗಳನ್ನು ಕೇಳಿ.

‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಎಂಬ ಸಂದೇಶ ರಿಕವರಿ ಮೋಡಿನಲ್ಲಿ ಬಂದರೆ ಸಹಜ. ನಿನ್ನೆಯವರೆಗೆ ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಬಂದರೆ ಮಾತ್ರ ಕೈ ತಡೆದು ನಿಲ್ಲಿ. ಡಿಸ್ಕಿನ ಮೇಲಿನ ದಾಖಲೆಗಳಲ್ಲಿ ದೋಷ ಕಂಡಾಗ, ಹಾನಿ ಹೆಚ್ಚಾಗದಿರಲಿ ಎಂದು ಲಿನಕ್ಸ್ ಅದನ್ನು ಓದಲು ಮಾತ್ರ ಎಂದು ಬದಲಾಯಿಸಿಬಿಡಬಹುದು. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಕೊಡುವ ಸೂಚನೆಯೂ ಅದಾಗಿರಬಹುದು. ರೀಮೌಂಟ್ ಆದೇಶ ಕೊಟ್ಟು ಬಲವಂತವಾಗಿ ಬರೆಯುವುದಕ್ಕೆ ಮೊದಲು ಲಿನಕ್ಸ್‌ನ ಒಳಗಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆದೇಶದಲ್ಲಿ ಡಿಸ್ಕಿನ ತಪ್ಪುಗಳು ಬಂದಿವೆಯೇ ನೋಡಿ, ಇನ್ನೂ ಓದಲು ಬರುತ್ತಿರುವಾಗಲೇ ಮುಖ್ಯವಾದದ್ದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಫೆಡೋರ ಮತ್ತು ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್ ಬಳಸುವವರಿಗೆ ಒಂದು ಮಾತು. ಅಲ್ಲಿ ಎಸ್‌ಇಲಿನಕ್ಸ್ ಎಂಬ ಎರಡನೆಯ ಕಾವಲುಗಾರನಿದ್ದಾನೆ. ಅವನು ಪ್ರತಿ ಫೈಲಿಗೂ ಅಂಟಿಸಿರುವ ಒಂದು ಚೀಟಿಯನ್ನು ನೋಡಿ ಒಳಗೆ ಬಿಡುತ್ತಾನೆ. ಫೈಲನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಸಿದ್ಧಪಡಿಸಿ ಎಂವಿ ಆದೇಶದಿಂದ ಇಟಿಸಿಗೆ ಸಾಗಿಸಿದರೆ ಹಳೆಯ ಜಾಗದ ಚೀಟಿ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಹಕ್ಕುಗಳೆಲ್ಲ 644 ಎಂದು ಸರಿಯಾಗಿ ಕಂಡರೂ ಸೇವೆಗಳಿಗೆ ಅದನ್ನು ಓದಲಾಗದೆ ಹೋಗಬಹುದು. ರಿಸ್ಟೋರ್‌ಕಾನ್ ಎಂಬ ಆದೇಶ ಚೀಟಿಯನ್ನು ಸರಿಪಡಿಸುತ್ತದೆ. ಎಸ್‌ಇಲಿನಕ್ಸನ್ನೇ ಆಫ್ ಮಾಡಿಬಿಡಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ.

ಮ್ಯಾಕ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2015ರ ಎಲ್ ಕ್ಯಾಪಿಟನ್‌ನಿಂದ ಸಿಸ್ಟಮ್ಮಿನ ಫೈಲುಗಳು ರೂಟ್‌ಗೂ ಸಿಗದಂತಾದವು, 2019ರ ಕ್ಯಾಟಲಿನಾದಲ್ಲಿ ಅವು ಓದಲು ಮಾತ್ರ ತೆರೆದ ಪ್ರತ್ಯೇಕ ಭಾಗಕ್ಕೆ ಹೋದವು, 2020ರ ಬಿಗ್ ಸರ್‌ನಲ್ಲಿ ಆ ಭಾಗಕ್ಕೆ ಡಿಜಿಟಲ್ ಸಹಿಯ ಮುದ್ರೆಯೂ ಬಿತ್ತು. ಹೋಸ್ಟ್ಸ್ ಫೈಲು ಮಾತ್ರ ಈ ಬೇಲಿಯ ಹೊರಗಿದೆ. ಸುಡೊ ನ್ಯಾನೊ ಕೊಟ್ಟು ಲಿನಕ್ಸ್‌ನಲ್ಲಿ ಮಾಡಿದಂತೆಯೇ ತಿದ್ದಬಹುದು. ಅದಕ್ಕಾಗಿ ಯಾರಾದರೂ ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಎಂಬ, ಎಲ್ ಕ್ಯಾಪಿಟನ್‌ನಲ್ಲಿ ಬಂದ ಆ ಕಾವಲನ್ನು ಆಫ್ ಮಾಡಲು ಹೇಳಿದರೆ ಅವರು ಹೇಳುತ್ತಿರುವುದು ತಪ್ಪು.

ಸ್ನೇಹಿತರ ಲ್ಯಾಬಿಗೆ ಮರಳೋಣ. ಫೋನಿನಲ್ಲೇ ಹೇಳಿಕೊಟ್ಟಂತೆ ಅವರು ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರು, ಈ ಬಾರಿ ಸೇವ್ ಆಯಿತು. ಆದರೆ “ಸೇವ್ ಆಯ್ತು ಸರ್, ಸರ್ವರ್ ಹೆಸರು ಹೊಡೆದ್ರೆ ಇನ್ನೂ ಓಪನ್ ಆಗ್ತಿಲ್ಲ” ಎಂದರು. ಇಟಿಸಿ ಫೋಲ್ಡರನ್ನು ತೆರೆದು, ವ್ಯೂ ಮೆನುವಿನಲ್ಲಿ ಫೈಲುಗಳ ಬಾಲ ಕಾಣುವಂತೆ ಮಾಡಿ, ಅಲ್ಲಿ ಏನೇನಿದೆ ಎಂದು ಓದಿ ಹೇಳಿ ಎಂದೆ. ಹೋಸ್ಟ್ಸ್ ಒಂದಿತ್ತು, ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಎಂಬುದು ಇನ್ನೊಂದಿತ್ತು. ಅವರು ಮೂಲ ಫೈಲನ್ನು ತೆರೆಯದೆ, ಖಾಲಿ ಪುಟದಲ್ಲಿ ಆ ಸಾಲನ್ನು ಬರೆದು ‘ಸೇವ್ ಆ್ಯಸ್’ ಮಾಡಿದ್ದರು. ನೋಟ್‌ಪ್ಯಾಡ್ ತನ್ನ ಬಾಲವನ್ನು ಸೇರಿಸಿತ್ತು. ಅದನ್ನು ಅಳಿಸಿ, ‘ಆಲ್ ಫೈಲ್ಸ್’ ಆರಿಸಿ, ನಿಜವಾದ ಹೋಸ್ಟ್ಸ್ ಫೈಲನ್ನೇ ತೆರೆದು, ಸಾಲು ಸೇರಿಸಿ, ಅದಕ್ಕೂ ಮೇಲೆ ಬೇರೆಯೇ ಒಂದು ಸಾಲಿನಲ್ಲಿ ಹ್ಯಾಶ್ ಗುರುತು (#) ಹಾಕಿ ಯಾರು, ಯಾವ ದಿನ, ಏಕೆ ಸೇರಿಸಿದರೆಂದು ಬರೆಸಿದೆ. ಹಳೆಯ ವಿಳಾಸಗಳ ನೆನಪನ್ನು ಅಳಿಸುವ ಐಪಿಕಾನ್‌ಫಿಗ್ ಫ್ಲಶ್‌ಡಿಎನ್‌ಎಸ್ ಕೊಟ್ಟು, ಸರ್ವರಿನ ಹೆಸರಿಗೆ ಪಿಂಗ್ ಮಾಡಿದಾಗ 192.168.1.10ರಿಂದ ಉತ್ತರ ಬಂತು.

ಆಗ ಅವರು ಸ್ವಲ್ಪ ಹಿಂಜರಿಯುತ್ತಾ, ನನಗೆ ಫೋನ್ ಮಾಡುವ ಮೊದಲು ಯಾರದೋ ಮಾತು ಕೇಳಿ ಆ ಫೈಲಿನ ಸೆಕ್ಯುರಿಟಿ ಟ್ಯಾಬಿನಲ್ಲಿ ‘ಎವ್ರಿಒನ್’ ಎಂಬ ಹೆಸರಿಗೆ ‘ಫುಲ್ ಕಂಟ್ರೋಲ್’ ಕೊಡಲು ಎಂಟು ಕಂಪ್ಯೂಟರುಗಳಲ್ಲಿ ಪ್ರಯತ್ನಿಸಿದ್ದಾಗಿಯೂ, ಅದರಲ್ಲಿ ಮೂರರಲ್ಲಿ ಅದು ಆಗಿಬಿಟ್ಟಿದ್ದಾಗಿಯೂ ಹೇಳಿದರು. ನಾವು ಇನ್ನೂ ಅರ್ಧ ಗಂಟೆ ಫೋನಿನಲ್ಲೇ ಇದ್ದು, ಆ ಮೂರರಲ್ಲೂ ಐಸಿಎಸಿಎಲ್‌ಎಸ್‌ನ ‘ರೀಸೆಟ್’ ಆಯ್ಕೆಯಿಂದ ಫೋಲ್ಡರಿನಿಂದ ಬರುವ ಮೂಲ ಹಕ್ಕುಗಳನ್ನು ಮರಳಿ ತಂದೆವು. ಪ್ರತಿಯೊಂದರಲ್ಲೂ ಆಮೇಲೆ ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ಫೈಲು ತೆರೆದು ಸೇವ್ ಮಾಡಲು ನೋಡಿ ಎಂದೆ. ಮೂರನೆಯದರಲ್ಲೂ ‘ಅನುಮತಿ ಇಲ್ಲ’ ಎಂಬ ಸಂದೇಶ ಬಂದ ಮೇಲೆ ಫೋನ್ ಇಟ್ಟೆವು.